ವೃದ್ಧರ ಸೇವೆಯಲ್ಲಿ ಸವೆದ ಕೈಗಳು: ಒಂದು ಸ್ಮರಣೆ

ದೇವರ ಅಪಾರ ಕೃಪೆಯಿಂದ ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ದೇವಾಲಯವನ್ನು ಕಟ್ಟಿಸಿದವರನ್ನೂ ಘಂಟೆಯನ್ನು ಕಾಣಿಕೆಯಾಗಿ ಇತ್ತವರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅವರ ಹೆಸರುಗಳು ಶಿಲಾಫಲಕಗಳಲ್ಲಿವೆ. ಆದರೆ ಈ ಸಂಚಿಕೆಗಾಗಿ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ಕುಳಿತಾಗ ನಮಗೊಂದು ಕೊರತೆ ಎದ್ದು ಕಂಡಿತು. ಜ್ಞಾನಸ್ನಾನಕ್ಕೆ ಒಂದು ಪುಸ್ತಕ, ವಿವಾಹಕ್ಕೆ ಒಂದು, ಮರಣಕ್ಕೆ ಒಂದು. ಮರಣದ ಪುಸ್ತಕದಲ್ಲಿ ಅಂತ್ಯ ಸಂಸ್ಕಾರವನ್ನು ನೆರವೇರಿಸಿದ ಗುರುಗಳ ಹೆಸರೂ ಇದೆ. ಗುರುಗಳು ಬರುವ ಮುನ್ನ ಆ ವೃದ್ಧನ ಮೈಯೊರಸಿ, ಬಟ್ಟೆ ಬದಲಿಸಿ, ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತವರು ಯಾರು? ಅದನ್ನು ಬರೆದಿಡಲು ಯಾವ ಪುಸ್ತಕದಲ್ಲಿಯೂ ಸ್ಥಳವಿಲ್ಲ.

ಚಿನ್ನದ ಗಣಿಗಳ ಈ ಸೀಮೆಯಲ್ಲಿ ವೃದ್ಧರ ಸೇವೆಗೆ ವಿಶೇಷವಾದ ಒಂದು ಹಿನ್ನೆಲೆಯಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಕಾಲಿಟ್ಟ ತರುವಾಯ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ಜನರು ಗುಂಪುಗುಂಪಾಗಿ ಬಂದರು. ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ 1894ರಲ್ಲಿ ಗಣಿಗಳಿಗೆ ರೈಲು ಹಾದಿ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಚಾಂಪಿಯನ್ ರೀಫ್ ಗಣಿಯು ನೆಲದಡಿಯಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬಂಡೆ ಕೊರೆಯುವಾಗ ಏಳುವ ಕಲ್ಲಿನ ಧೂಳು ಕಾರ್ಮಿಕರ ಎದೆಯಲ್ಲಿ ಉಳಿಯಿತು. ಅದರಿಂದ ಬರುವ ಸಿಲಿಕೋಸಿಸ್ ರೋಗವು, 1940ರ ದಶಕದಲ್ಲಿ ಇಲ್ಲಿ ತಪಾಸಣೆಗೊಳಗಾದವರ ಪೈಕಿ ನೂರಕ್ಕೆ ನಲವತ್ತಕ್ಕೂ ಮಿಕ್ಕವರಲ್ಲಿ ಕಂಡುಬಂದಿತು. ಹೀಗಾಗಿ ನಮ್ಮ ಜನರಿಗೆ ಮುಪ್ಪು ವಯಸ್ಸನ್ನು ಕಾಯದೆ ಬರುತ್ತಿತ್ತು. ಐವತ್ತು ತುಂಬದವರೂ ನಾಲ್ಕು ಹೆಜ್ಜೆ ನಡೆದು ಗೋಡೆ ಹಿಡಿದು ನಿಲ್ಲುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ನಮ್ಮ ಯುವಕ ಯುವತಿಯರು ನಸುಕಿನಲ್ಲೆದ್ದು, ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ. ಹಗಲು ಹೊತ್ತಿನಲ್ಲಿ ಗಣಿಯ ಲೈನು ಮನೆಗಳಲ್ಲಿ ಉಳಿಯುವವರು ಅಜ್ಜ ಅಜ್ಜಿಯರು. ಮಕ್ಕಳನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಹೊಟ್ಟೆಪಾಡು ಅವರನ್ನು ಕರೆದೊಯ್ಯುತ್ತದೆ. ಆದರೆ ಮಧ್ಯಾಹ್ನದ ಗಂಜಿಯನ್ನು ಯಾರು ಕೊಡಬೇಕು? ಮಾತ್ರೆಯ ಹೊತ್ತನ್ನು ಯಾರು ನೆನಪಿಸಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಬಂದವರು ನಮ್ಮ ಸ್ವಯಂಸೇವಕರು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಒಝನಾಮ್ ಮತ್ತು ಅವರ ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯೂ, 1921ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿದ ಮರಿಯಳ ಸೇನೆಯೂ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುವ ಪದ್ಧತಿಯನ್ನು ಕಲಿಸಿದವು. ನಮ್ಮವರು ಅದನ್ನು ಈ ಮಣ್ಣಿಗೆ ಒಗ್ಗಿಸಿಕೊಂಡರು. ಔಷಧಿ ಚೀಟಿ ಓದಿ ಹೇಳುವುದು, ಪಿಂಚಣಿಯ ಅರ್ಜಿ ತುಂಬುವುದು, ಉಗುರು ಕತ್ತರಿಸುವುದು, ಜಪಸರ ಹೇಳುವಾಗ ತೊದಲುವ ನಾಲಿಗೆಗೆ ಜೊತೆಯಾಗುವುದು, ಇವೆಲ್ಲ ಅವರ ಪಾಲಿನ ಕೆಲಸಗಳು.

ಅವರಲ್ಲೊಬ್ಬ ತಾಯಿ ನಮಗೆ ಸೆಮಿನರಿ ಕಲಿಸದ ಪಾಠವನ್ನು ಕಲಿಸಿದರು. ಮೊದಲ ಶುಕ್ರವಾರಗಳಂದು ನಾವು ವ್ಯಾಧಿಸ್ಥರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ಅವರು ಮುಂದಾಗಿ ಹೋಗಿ, ಬಿಳಿಯ ವಸ್ತ್ರ ಹಾಸಿ, ಮೇಣದ ಬತ್ತಿ ಹಚ್ಚಿಡುತ್ತಿದ್ದರು. ಒಮ್ಮೆ ನಾವು ಅವಸರದಲ್ಲಿ ಹೊರಟು ನಿಂತಾಗ, “ಸ್ವಾಮಿ, ನೀವು ಮುಂದಿನ ಮನೆಗೆ ನಡೆಯಿರಿ. ತಾತ ಇನ್ನೂ ಮಾತು ಮುಗಿಸಿಲ್ಲ, ನಾನು ಕೂತಿರ್ತೀನಿ” ಎಂದರು. ಆ ವೃದ್ಧರು ಹೇಳುತ್ತಿದ್ದುದು ನಾವೆಲ್ಲ ಹತ್ತಾರು ಬಾರಿ ಕೇಳಿದ್ದ ಗಣಿಯ ಕಥೆ. ಆಕೆ ಅದನ್ನು ಹೊಸದಾಗಿ ಕೇಳುವವರಂತೆ ಕೇಳಿದರು.

ಮುಂದೆ ಆ ತಾಯಿಯೇ ಹಾಸಿಗೆ ಹಿಡಿದರು. ವ್ಯಾಧಿಸ್ಥರ ಪಟ್ಟಿಯನ್ನು ಬರೆದು ತರುತ್ತಿದ್ದವರು ಅವರೇ ಆದುದರಿಂದ, ಅವರ ಹೆಸರನ್ನು ಆ ಪಟ್ಟಿಗೆ ಸೇರಿಸುವವರೇ ಇಲ್ಲದಾದರು. ಸುಮಾರು ಮೂರು ತಿಂಗಳು ನಾವು ಅವರ ಬಾಗಿಲಿಗೆ ಹೋಗಲಿಲ್ಲ. ವಿಷಯ ತಿಳಿದು ಹೋದಾಗ ಅವರು ಒಂದು ಮಾತನ್ನೂ ಆಡದೆ ಕೈಮುಗಿದರು. ಈ ತಪ್ಪು ನಮ್ಮದು. ಅದನ್ನು ಮುಚ್ಚಿಟ್ಟು ಶತಮಾನೋತ್ಸವ ಆಚರಿಸುವುದು ನಮಗೆ ಸರಿಯೆನಿಸಲಿಲ್ಲ.

ಸೇವಕರನ್ನು ಮರೆಯುವ ಈ ದೋಷವು ಸಂತರ ಚರಿತ್ರೆಯಲ್ಲಿಯೂ ಕಂಡುಬರುತ್ತದೆ. ಫ್ರಾನ್ಸ್ ದೇಶದ ಜಾನ್ ಜುಗಾನ್ ಎಂಬ ಬಡ ಮಹಿಳೆಯು 1839ರ ಚಳಿಗಾಲದಲ್ಲಿ ಕಣ್ಣು ಕಾಣದ, ದಿಕ್ಕಿಲ್ಲದ ಒಬ್ಬ ವೃದ್ಧೆಯನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಬುಟ್ಟಿ ಹಿಡಿದು ಭಿಕ್ಷೆ ಬೇಡಿ ವೃದ್ಧರನ್ನು ಸಾಕಿದರು. ಬಡವರ ಕಿರಿಯ ಸಹೋದರಿಯರ ಸಭೆ ಹುಟ್ಟಿದ್ದು ಹೀಗೆ. ಆದರೂ ಆಕೆಯನ್ನು ಅಧಿಕಾರದಿಂದ ಇಳಿಸಿ, 1852ರಿಂದ 1879ರಲ್ಲಿ ಮರಣಿಸುವವರೆಗೆ ಮೂಲೆಗಿರಿಸಲಾಯಿತು. ಜೊತೆಯಲ್ಲಿ ಬಾಳಿದ ಕಿರಿಯ ಕನ್ಯಾಸ್ತ್ರೀಯರಿಗೆ ತಮ್ಮ ಸಭೆಯ ಸ್ಥಾಪಕಿ ಆಕೆಯೇ ಎಂಬುದು ತಿಳಿದಿರಲಿಲ್ಲ. ಧರ್ಮಸಭೆಯು 2009ರ ಅಕ್ಟೋಬರ್ 11ರಂದು ಆಕೆಯನ್ನು ಸಂತಳೆಂದು ಘೋಷಿಸಿತು. ಆಕೆಯ ಸಹೋದರಿಯರು 1900ರಲ್ಲಿ ಬೆಂಗಳೂರಿಗೆ ಬಂದು, ವೃದ್ಧಾಶ್ರಮವನ್ನು ತೆರೆದರು. ದಾನಿಗಳ ನೆರವಿನಿಂದಲೇ ಬಡ ವೃದ್ಧರನ್ನು ಸಲಹುವುದು ಆ ಸಭೆಯ ಸಂಪ್ರದಾಯವಾಗಿದೆ.

ಪ್ರಿಯ ವಿಶ್ವಾಸಿಗಳೇ, ನಮ್ಮ ಸ್ವಯಂಸೇವಕರನ್ನು ಹೇಗೆ ಗೌರವಿಸೋಣ? ಶಾಲು ಹೊದಿಸೋಣವೆಂದು ಕೇಳಿದಾಗ ಹಲವರು ಬೇಡವೆಂದರು. “ಶಾಲಿನ ಹಣದಲ್ಲಿ ಎರಡು ಕಂಬಳಿ ಬರುತ್ತೆ ಸ್ವಾಮಿ” ಎಂದರು ಒಬ್ಬರು. ಆದುದರಿಂದ ದೇವಾಲಯದಲ್ಲಿ ನಾಲ್ಕನೆಯ ಪುಸ್ತಕವೊಂದನ್ನು ತೆರೆಯಲು ನಿಶ್ಚಯಿಸಿದ್ದೇವೆ. ನಮ್ಮ ವೃದ್ಧರ ಹೆಸರುಗಳ ಎದುರಿಗೆ ಅವರನ್ನು ಕಾಣಲು ಹೋದವರ ಹೆಸರುಗಳನ್ನು ಅದರಲ್ಲಿ ಬರೆದಿಡಲಾಗುವುದು. ಮುಪ್ಪಡರಿದ ಸೇವಕರ ಹೆಸರುಗಳು ಮೊದಲ ಪುಟದಲ್ಲಿರುತ್ತವೆ, ಅವರ ಮನೆಗೇ ಮೊದಲ ಭೇಟಿ ಸಲ್ಲಲಿ ಎಂದು. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರಿಗೂ ವೃದ್ಧರಿಗೂ ಮೀಸಲಿಟ್ಟ ಜುಲೈ ತಿಂಗಳ ನಾಲ್ಕನೆಯ ಭಾನುವಾರದಂದು, ಪ್ರತಿವರ್ಷವೂ ಆ ಪುಸ್ತಕವನ್ನು ಬಲಿಪೀಠದ ಮುಂದಿಟ್ಟು ಪ್ರಾರ್ಥಿಸೋಣ.

ಅದರಲ್ಲಿ ಖಾಲಿ ಹಾಳೆಗಳು ಬಹಳವಿವೆ. ವಾರಕ್ಕೊಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಯುವಜನರು ಭಾನುವಾರದ ಪೂಜೆಯ ನಂತರ ನಮ್ಮನ್ನು ಕಾಣಲಿ. ತನ್ನ ತಾಯಿಯನ್ನು ಶಿಲುಬೆಯಿಂದಲೇ ಶಿಷ್ಯನ ಮನೆಗೆ ಒಪ್ಪಿಸಿದ ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.