ಜಿನೋಮ್ ಓದಲು ಜೀವಶಾಸ್ತ್ರವೊಂದೇ ಸಾಲದು

ಮಾನವನ ಜಿನೋಮ್ ಎಂದರೆ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ಮಾನವ ಜಿನೋಮ್ ಯೋಜನೆ 2003ರಲ್ಲಿ ಮುಕ್ತಾಯಗೊಂಡಿತಾದರೂ, ಬಾಕಿ ಉಳಿದಿದ್ದ ಸುಮಾರು ಶೇ. 8ರಷ್ಟು ಭಾಗದ ಓದು ಪ್ರಕಟವಾದದ್ದು 2022ರಲ್ಲಿ. ಇಂತಹ ಗ್ರಂಥವನ್ನು ಗಣಕಯಂತ್ರದ ನೆರವಿನಿಂದ ಅರ್ಥೈಸುವ ಶಾಸ್ತ್ರವೇ ಬಯೋಇನ್‌ಫರ್ಮ್ಯಾಟಿಕ್ಸ್.

ಸ್ನಾತಕೋತ್ತರ ತರಗತಿಗೆ ಕಾಲಿಡುವ ವಿದ್ಯಾರ್ಥಿ ಎಡವುವುದು ಸಾಮಾನ್ಯವಾಗಿ ಮೊದಲ ಸೆಮಿಸ್ಟರ್‌ನಲ್ಲೇ. ಜೀವಶಾಸ್ತ್ರ ಓದಿದವರಿಗೆ ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ಕಬ್ಬಿಣದ ಕಡಲೆ. ಪ್ರೋಗ್ರಾಮಿಂಗ್ ಬಲ್ಲವರಿಗೆ ಜೀವಕೋಶವೇ ಅಪರಿಚಿತ. ಸಿದ್ಧ ತಂತ್ರಾಂಶದ ಗುಂಡಿ ಒತ್ತಲು ಕಲಿತರೆ ಸಾಕೆಂಬ ಭ್ರಮೆಯೂ ಉಂಟು. 1990ರಲ್ಲಿ ಬಂದ ‘ಬ್ಲಾಸ್ಟ್’ ತಂತ್ರಾಂಶ ಎರಡು ಡಿಎನ್‌ಎ ಸರಣಿಗಳ ನಡುವಿನ ಹೋಲಿಕೆಯನ್ನು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಆದರೆ ಆ ಹೋಲಿಕೆ ಕಾಕತಾಳೀಯವೇ ಎಂಬುದನ್ನು ಅದು ಕೊಡುವ ‘ಇ-ಮೌಲ್ಯ’ದಿಂದ ತೂಗಿ ನೋಡಬೇಕಾದವನು ವಿದ್ಯಾರ್ಥಿಯೇ.

ಈ ವಿವೇಚನೆಯ ಬೆಲೆ ರೋಗಿಗೆ ತಟ್ಟುತ್ತದೆ. ಜಗತ್ತಿನ ಜಿನೋಮ್ ದತ್ತಾಂಶದ ಬಹುಪಾಲು ಐರೋಪ್ಯ ಮೂಲದವರದು. ಭಾರತೀಯರಲ್ಲಿ ಸಹಜವಾಗಿರುವ ವ್ಯತ್ಯಾಸವೊಂದು ಅಲ್ಲಿ ಅಪರೂಪವೆನಿಸಿ, ರೋಗಕಾರಕವೆಂಬ ಅನುಮಾನಕ್ಕೆ ಗುರಿಯಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ‘ಜಿನೋಮ್ ಇಂಡಿಯಾ’ ಯೋಜನೆ ಈ ಕೊರತೆ ನೀಗಿಸುವ ಯತ್ನ. ಸುಮಾರು 10,000 ಭಾರತೀಯರ ಜಿನೋಮ್ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಗಿದ್ದು, ಫರೀದಾಬಾದ್‌ನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ.