ಅರಗು, ಅಗಸೆ ಎಣ್ಣೆ, ಮೇಣ: ಕಲ್ಕತ್ತದ ಮರಗೆಲಸಕ್ಕೆ ಹೊಳಪು ಬಂದ ಬಗೆ

ಹತ್ತೊಂಬತ್ತನೇ ಶತಮಾನದ ಕಲ್ಕತ್ತದಲ್ಲಿ ಮರಕ್ಕೆ ಹೊಳಪು ಕೊಡಲು ಬೇಕಾದ ಮೂರು ಮುಖ್ಯ ಪದಾರ್ಥಗಳೂ ಹತ್ತಿರದಲ್ಲೇ ಸಿಗುತ್ತಿದ್ದವು: ಛೋಟಾನಾಗಪುರದ ಕಾಡುಗಳ ಅರಗು, ಬಿಹಾರ ಮತ್ತು ಬಂಗಾಳದ ಹೊಲಗಳ ಅಗಸೆ ಎಣ್ಣೆ, ಸುಂದರಬನದ ಹೆಜ್ಜೇನಿನ ಮೇಣ. ಇವುಗಳಲ್ಲಿ ಅರಗು ಶ್ರೀಮಂತರ ದಿವಾನಖಾನೆ ಸೇರಿದ್ದನ್ನು ಯುರೋಪಿನ ಅಭಿರುಚಿಯ ಅನುಕರಣೆ ಎಂದಷ್ಟೇ ಹೇಳಿ ಮುಗಿಸಬಹುದು. ಆದರೆ ಅಭಿರುಚಿಯಷ್ಟೇ ಬಂದರಿನ ವ್ಯಾಪಾರ ಮತ್ತು ಬಂಗಾಳದ ಹವೆಯೂ ಈ ಆಯ್ಕೆಯ ಹಿಂದೆ ಇದ್ದವು ಎಂಬುದು ಈ ಲೇಖನದ ವಾದ.

ಅರಗಿನ ಹುಳು ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ರೆಂಬೆಗಳ ಮೇಲೆ ಬದುಕುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ವ್ಯಾಪಾರಿಗಳ ಕಣ್ಣು ಮೊದಲು ಬಿದ್ದದ್ದು ಅದರ ಕೆಂಪು ಬಣ್ಣದ ಮೇಲೆ. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲೆ ಅರಗಿನ ಬಣ್ಣಕ್ಕೆ ಬೇಡಿಕೆ ಕುಸಿಯುತ್ತ ಹೋಯಿತು. ಅರಗಿನ ರಾಳವೇ ಮುಖ್ಯ ಸರಕಾಯಿತು. ಮಾನಭೂಮ್ ಜಿಲ್ಲೆಯ ಝಾಲ್ದಾ, ಬಲರಾಮಪುರಗಳಲ್ಲಿ (ಇಂದಿನ ಪುರುಲಿಯಾ) ತೊಳೆದ ಅರಗಿನ ಕಾಳನ್ನು ಉದ್ದನೆಯ ಬಟ್ಟೆಚೀಲಕ್ಕೆ ತುಂಬಿ, ಕೆಂಡದ ಮುಂದೆ ಹಿಡಿದು ಹಿಂಡುತ್ತಿದ್ದರು. ಕರಗಿ ಹೊರಬಂದದ್ದನ್ನು ಕೆಲಸಗಾರ ಎರಡು ಕೈ, ಎರಡು ಕಾಲು, ಕೊನೆಗೆ ಹಲ್ಲಿನಿಂದಲೂ ಹಿಡಿದೆಳೆದು ತೆಳ್ಳನೆಯ ಹಾಳೆ ಮಾಡುತ್ತಿದ್ದ. ಅದನ್ನು ಮುರಿದರೆ ಚಪಡಾ. ಕಲ್ಕತ್ತದ ಕಾಶಿಪುರದಲ್ಲಿ ಏಂಜೆಲೊ ಬ್ರದರ್ಸ್ ಎಂಬ ಕಂಪನಿ ಇದೇ ಕೆಲಸಕ್ಕೆ ಯಂತ್ರಗಳನ್ನು ಹೂಡಿತು. ಸರಕೆಲ್ಲ ಈ ನಗರದ ಮೂಲಕವೇ ಹಡಗೇರುತ್ತಿದ್ದುದರಿಂದ ಇಲ್ಲಿಯ ಬಡಗಿಗೆ ಚಪಡಾ ಕೈಗೆಟಕುವಂತಿತ್ತು. 1908ರಲ್ಲಿ ಗ್ರಾಮೊಫೋನ್ ಕಂಪನಿ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಹಾಡಿನ ತಟ್ಟೆಗಳಿಗೂ ಅರಗೇ ಬೇಕಾಯಿತು.

ಲಾಜರಸ್ ಕಂಪನಿಯಂಥ ದೊಡ್ಡ ಪೀಠೋಪಕರಣ ತಯಾರಕರಿಂದ ಬೌಬಜಾರಿನ ಅಂಗಡಿಗಳವರೆಗೆ, ಕ್ಯಾಂಟನ್ ಕಡೆಯಿಂದ ಬಂದು ನೆಲೆಸಿದ ಚೀನೀ ಬಡಗಿಗಳೂ ಸೇರಿದಂತೆ, ಮರಗೆಲಸಕ್ಕೆ ಈ ನಗರದಲ್ಲಿ ದೊಡ್ಡ ಮಾರುಕಟ್ಟೆಯಿತ್ತು. ಬರ್ಮಾದ ತೇಗವೂ ಇಲ್ಲಿಗೆ ಬರುತ್ತಿತ್ತು. ಅರಗಿನ ಪಾಲಿಷ್ ಹಚ್ಚುವ ಕ್ರಮ ಹೀಗೆ: ಚಪಡಾವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಹಳೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಅದ್ದಿ, ಸುತ್ತುಸುತ್ತಾಗಿ ತೀಡಬೇಕು. ಉಂಡೆ ಕಚ್ಚಿಕೊಳ್ಳದಿರಲೆಂದು ಅದಕ್ಕೆ ಒಂದೆರಡು ಹನಿ ಅಗಸೆ ಎಣ್ಣೆ ಸೋಕಿಸಬೇಕು. ಕೊನೆಗೆ ಬರೀ ಸ್ಪಿರಿಟ್ಟಿನಿಂದ ತೀಡಿ ಆ ಎಣ್ಣೆಯನ್ನು ತೆಗೆಯಬೇಕು.

ಅರಗಿಗೆ ದೊಡ್ಡ ತೊಡಕಾದದ್ದು ಮಳೆಗಾಲ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ; ಗಾಳಿಯ ತೇವ ಅದರ ಮೇಲೆ ಕೂತು ಪಾಲಿಷ್ ಬೆಳ್ಳಗೆ ಮಂಕಾಗುತ್ತದೆ. ಹಾಗೆಂದು ಎಣ್ಣೆಯೂ ನಿರಾತಂಕವಲ್ಲ. ಅಗಸೆ ಎಣ್ಣೆ ಆರುವುದು ನೀರು ಆರಿದಂತಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಸಿ ಎಣ್ಣೆಗೆ ದಿನಗಟ್ಟಲೆ ಬೇಕು; ದಪ್ಪವಾಗಿ ಹಚ್ಚಿದರೆ ಅಂಟಂಟಾಗಿ ಉಳಿದು ತೇವದ ತಿಂಗಳುಗಳಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತೆಳ್ಳಗೆ ಹಚ್ಚಿ, ಮಿಕ್ಕಿದ್ದನ್ನು ಒರೆಸಿ ತೆಗೆಯುವುದೇ ಕ್ರಮ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬಾರದು, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ವೈಶಾಖದ ಬಿಸಿಲಿಗೆ ಮೆತ್ತಗಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಒಂಟಿಯಾಗಿ ನಿಲ್ಲಲಾರದ ಮೇಣಕ್ಕೆ ಒಪ್ಪುವುದು ಪಾಲಿಷಿನ ಮೇಲಿನ ತೆಳು ಪದರದ ಕೆಲಸ. ಹೊಳೆಯ ದೋಣಿಗಳದು ಬೇರೆಯೇ ದಾರಿ: ಅವಕ್ಕೆ ಗಾಬ್ ಎಂಬ ಒಗರುಕಾಯಿಯ ರಸ, ಆಮೇಲೆ ಡಾಂಬರು.

ಅರಗು ಬೆಳೆದ ಕಾಡಿಗೂ ಲಾಭ ಕಂಡ ಬಂದರಿಗೂ ನಡುವಿನ ಅಂತರವನ್ನು ಸರ್ಕಾರಗಳು ಗಮನಿಸಿದ್ದು ತಡವಾಗಿ. 1924ರಲ್ಲಿ ರಾಂಚಿ ಬಳಿಯ ನಾಮಕುಮ್‌ನಲ್ಲಿ ಅರಗು ಸಂಶೋಧನಾ ಸಂಸ್ಥೆ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಇಂದು ಮತದಾರರ ಬೆರಳಿನ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ. ಚನ್ನಪಟ್ಟಣದ ಕುಶಲಕರ್ಮಿಗಳಂತೂ ಸ್ಪಿರಿಟ್ಟಿನ ಗೊಡವೆಯಿಲ್ಲದೆ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಯಲ್ಲೇ ಬಣ್ಣ ಹಿಡಿಸುತ್ತಾರೆ.

ಈ ಚರಿತ್ರೆಗೆ ಹಳೆಯ ಪೀಠೋಪಕರಣವೇ ದಾಖಲೆ. ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅರಗು ಕರಗಿ ಅಂಟುತ್ತದೆ. ಪೂರ್ತಿ ಗಟ್ಟಿಯಾದ ಅಗಸೆ ಎಣ್ಣೆ ಹಾಗೆ ಕರಗುವುದಿಲ್ಲ. ಅಜ್ಜನ ಕಾಲದ ಮೇಜನ್ನು ಉಜ್ಜಿ ಹೊಸ ವಾರ್ನಿಶ್ ಬಳಿಯುವ ಮೊದಲು ಈ ಪರೀಕ್ಷೆ ಮಾಡಿ ನೋಡಬೇಕು. ಒಮ್ಮೆ ಉಜ್ಜಿ ತೆಗೆದ ಪದರದಿಂದ ಮುಂದೆ ಯಾರೂ ಏನನ್ನೂ ತಿಳಿಯಲಾರರು.