ಬೇಸಿಗೆಯ ಬಂಡೆ, ಮಳೆಗಾಲದ ಬಂಡೆ

ಕಲ್ಲಿನ ಕಥೆ – ಭಾಗ 5 ⛰️

ಮೊದಲ ಫೋಟೋ ನೋಡಿ. ಚಾರ್ಮಾಡಿ ಘಾಟಿಯ ಒಂದು ತಿರುವು, ಏಪ್ರಿಲ್ ತಿಂಗಳು. ಟೇಪು, ಸುತ್ತಿಗೆ, ದಿಕ್ಸೂಚಿ ಹಿಡ್ಕೊಂಡು ನಿಂತಿರೋ ನಾಲ್ವರು ನಾವೇ. ವಿದ್ಯಾರ್ಥಿಗಳ ಒಂದು ವಿನ್ಯಾಸ ಸ್ಪರ್ಧೆ, ವಿಷಯ ಶಿಲಾ ಎಂಜಿನಿಯರಿಂಗ್. ಕೆಲಸ ಇಷ್ಟೇ: ರಸ್ತೆ ಪಕ್ಕದ ಒಂದು ಬಂಡೆ ಇಳಿಜಾರು ಆರಿಸ್ಕೊಳ್ಳಿ, ಅದು ಬೀಳದ ಹಾಗೆ ವಿನ್ಯಾಸ ಮಾಡಿ. ನಾನು ಬಣಕಲ್‌ನವಳು, ಬೇರೆ ಜಾಗ ಯಾಕೆ ಹುಡುಕಲಿ?

ಹೊರಡುವಾಗ ಜಗಲೀಲಿ ಕೂತಿದ್ದ ಅಜ್ಜ ಅಂದ್ರು: "ಈಗ ನೋಡಿದ್ರೆ ಏನ್ ಗೊತ್ತಾಗುತ್ತೆ ಮಾರಾಯ್ತಿ? ಜಲ ಎದ್ದಾಗ ಹೋಗ್ ನೋಡು." ನಕ್ಕು ಹೊರಟೆ. ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಸ್ವಲ್ಪ ಇತಿಹಾಸ 👇

ಬಂಡೆಯನ್ನ ಲೆಕ್ಕ ಹಾಕಿ ನೋಡೋ ವಿದ್ಯೆ ಹಳೇದಲ್ಲ, ಅದು ಬೆಳೆದಿದ್ದೇ ದುರಂತಗಳಿಂದ. 1959ರ ಡಿಸೆಂಬರ್ 2ರ ರಾತ್ರಿ ಫ್ರಾನ್ಸ್‌ನ ಮಾಲ್ಪಾಸೆ ಅಣೆಕಟ್ಟು ಒಡೀತು. 400ಕ್ಕೂ ಹೆಚ್ಚು ಜನ ಸತ್ತರು. ಸೋತಿದ್ದು ಕಾಂಕ್ರೀಟಲ್ಲ, ಅದು ಆತುಕೊಂಡಿದ್ದ ಬಂಡೆ. 1962ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಲಿಯೋಪೋಲ್ಡ್ ಮುಲ್ಲರ್ ಮುಂದಾಳತ್ವದಲ್ಲಿ ಅಂತರರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಘ ಹುಟ್ಟಿತು. ಇಟಲಿಯ ವಾಯೋಂಟ್ ಜಲಾಶಯದ ಮೇಲಿನ ಗುಡ್ಡದಲ್ಲಿ ಸುಮಾರು 20 ಕೋಟಿ ಘನ ಮೀಟರ್ ಜಾರುತ್ತಿದೆ ಅಂತ 1961ರಲ್ಲೇ ಅಂದಾಜು ಕೊಟ್ಟಿದ್ದೂ ಇದೇ ಮುಲ್ಲರ್. 1963ರ ಅಕ್ಟೋಬರ್ 9ರಂದು ಆ ಗುಡ್ಡ ನೀರಿಗೆ ಬಿತ್ತು. ಎದ್ದ ಅಲೆಗೆ ಸುಮಾರು 2,000 ಜನ ಬಲಿಯಾದರು. ಅಣೆಕಟ್ಟು ಮಾತ್ರ ಇವತ್ತಿಗೂ ನಿಂತೇ ಇದೆ!

ನಮ್ಮ ಕರ್ನಾಟಕದ ಪಾಠಶಾಲೆ ಕೋಲಾರದ ಚಿನ್ನದ ಗಣಿ. ಅಲ್ಲಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿದ್ರು. ಅಷ್ಟು ಆಳದಲ್ಲಿ ಭಾರ ತಡೀಲಾರದೆ ಬಂಡೆ ಸಿಡಿಯುತ್ತಿತ್ತು, ಎಷ್ಟೋ ಕಾರ್ಮಿಕರ ಪ್ರಾಣ ಹೋಯ್ತು. ಆ ಕೆಜಿಎಫ್‌ನಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಯ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಸಂಸ್ಥೆ ಉಳೀತು. ಗಣಿ ಜೊತೆಗೆ ಅಣೆಕಟ್ಟು, ಸುರಂಗಗಳ ಬಂಡೆಯನ್ನೂ ಅದು ಪರೀಕ್ಷೆ ಮಾಡುತ್ತೆ.

ಈಗ ನಮ್ಮ ಸ್ಪರ್ಧೆಗೆ ಬರೋಣ. 1973ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ಬೀನಿಯಾವ್‌ಸ್ಕಿ ಅನ್ನೋ ಎಂಜಿನಿಯರ್ ಬಂಡೆಗೂ ನಮ್ಮ ಹಾಗೆ 100ಕ್ಕೆ ಮಾರ್ಕ್ಸ್ ಕೊಡೋ ಪದ್ಧತಿ ತಂದರು. ಕಲ್ಲು ಎಷ್ಟು ಗಟ್ಟಿ, ಎಷ್ಟು ಒಡೆದಿದೆ, ಬಿರುಕುಗಳ ನಡುವೆ ಎಷ್ಟು ಅಂತರ, ಬಿರುಕಿನ ಒಳಗೆ ಹೇಗಿದೆ, ನೀರು ಇದೆಯಾ – ಈ 5 ವಿಷಯ. 1985ರಲ್ಲಿ ಸ್ಪೇನ್‌ನ ರೊಮಾನಾ ಇದನ್ನ ಇಳಿಜಾರಿಗೆ ಹೊಂದಿಸಿದರು. ಬಿರುಕು ರಸ್ತೆ ಕಡೆ ವಾಲಿದ್ರೆ ಮಾರ್ಕ್ಸ್ ಕಟ್. ಮನುಷ್ಯ ಮುಟ್ಟದ ಇಳಿಜಾರಿಗೆ 15 ಹೆಚ್ಚು, ಬೇಕಾಬಿಟ್ಟಿ ಸಿಡಿಮದ್ದು ಇಟ್ಟು ಒಡೆದಿದ್ರೆ 8 ಕಡಿಮೆ. ರಸ್ತೆ ಅಗಲ ಮಾಡೋರು ಈ ಸಾಲನ್ನ ಎರಡು ಸಲ ಓದಬೇಕು 🙂

ನಾವು ಅಳೆದ್ವಿ, ಕೂಡಿದ್ವಿ, ಒಳ್ಳೇ ಮಾರ್ಕ್ಸ್ ಬಂತು. ಬೋಲ್ಟು, ಬಲೆ ಎಲ್ಲ ಬರೆದು ಚೆಂದದ ನಕ್ಷೆ ಮಾಡಿದ್ವಿ. ತೀರ್ಪುಗಾರರು ಒಂದೇ ಪ್ರಶ್ನೆ ಕೇಳಿದ್ರು: "ಈ ಜಾಗವನ್ನ ಜುಲೈನಲ್ಲಿ ನೋಡಿದ್ದೀರಾ?"

ನಾಲ್ವರೂ ಗಪ್‌ಚುಪ್. ನನಗೆ ಅಜ್ಜನ ಮುಖ ಕಣ್ಣ ಮುಂದೆ ಬಂತು.

ಯಾಕಂದ್ರೆ ಆ 5 ವಿಷಯದಲ್ಲಿ ನೀರಿಗೆ 15 ಮಾರ್ಕ್ಸ್ ಇದೆ. ಪೂರ್ತಿ ಒಣಗಿದ್ರೆ 15, ನೀರು ಹರೀತಿದ್ರೆ ಸೊನ್ನೆ. ಅಂದ್ರೆ ಏಪ್ರಿಲ್‌ನಲ್ಲಿ 65 ತಗೊಂಡು 'ಒಳ್ಳೇದು' ಅನ್ನಿಸ್ಕೊಂಡ ಬಂಡೆ ಜುಲೈನಲ್ಲಿ 50ಕ್ಕಿಳಿದು 'ಸಾಧಾರಣ' ಆಗುತ್ತೆ. ಕಲ್ಲು ಅದೇ, ಜಾಗ ಅದೇ. ನಾವು ಅರ್ಧ ವರ್ಷವನ್ನ ಬಿಟ್ಟು ವಿನ್ಯಾಸ ಮಾಡಿದ್ವಿ.

ಬೇರೆ ಊರಿನವರು ಮರೆತರೆ ಸರಿ, ನಾನು ಮರೀಬಹುದಾ? 2019ರ ಆಗಸ್ಟ್ ನಮ್ಮಲ್ಲಿ ಯಾರಿಗೆ ನೆನಪಿಲ್ಲ? ಘಾಟಿಯಲ್ಲಿ ಸಾಲು ಸಾಲು ಕುಸಿತ, ರಸ್ತೆ ಬಂದ್. ಮಲೆಮನೆ, ಮಧುಗುಂಡಿ ಕಡೆ ಮನೆ-ತೋಟ ಹೋಯ್ತು. ಘಾಟಿ ಮುಚ್ಚಿದ್ರೆ ಮಂಗಳೂರಿನ ಆಸ್ಪತ್ರೆಗೆ ಹೋಗೋರು ಸುತ್ತು ಹಾಕಿ ಹೋಗಬೇಕು. ಇನ್ನೊಂದು ವಿಷಯ: ಕುಸಿಯೋದು ಬರೀ ಬಂಡೆಯಲ್ಲ, ಅದರ ಮೇಲೆ ಕೂತಿರೋ ದಪ್ಪ ಮಣ್ಣೂ ಹೌದು. ಅದಕ್ಕೆ ಬೇರೆಯದೇ ಲೆಕ್ಕ ಬೇಕು.

ಬಹುಮಾನ ಬರಲಿಲ್ಲ. ಜುಲೈನಲ್ಲಿ ಅಜ್ಜನ ಹಳೇ ಕೊಡೆ ಹಿಡ್ಕೊಂಡು ದೊಡ್ಡವರ ಜೊತೆ ಮತ್ತೆ ಹೋದೆ (ಕೊನೇ ಫೋಟೋ). ನಾವು ಬೋಲ್ಟ್ ಗುರುತು ಹಾಕಿದ್ದ ಜಾಗದಲ್ಲೇ ಬಿರುಕಿನಿಂದ ನೀರು ಚಿಮ್ಮುತ್ತಿತ್ತು. ಈಗ ನಮ್ಮ ನಕ್ಷೆ ಬದಲಾಗಿದೆ: ಮೊದಲು ಮೇಲಿನ ನೀರಿಗೆ ಚರಂಡಿ, ಆಮೇಲೆ ಒಳಗಿನ ನೀರು ಇಳಿಯೋಕೆ ರಂಧ್ರ, ಕೊನೇಲಿ ಬೋಲ್ಟು.

ನಿಮ್ಮನೆ ಹಿಂದಿನ ಧರೆಯಲ್ಲಿ ಈ ಮಳೆಗಾಲ ಜಲ ಎಲ್ಲಿ ಏಳುತ್ತೆ? ಹತ್ತಿರ ಹೋಗ್ಬೇಡಿ, ದೂರದಿಂದ ಒಂದು ಫೋಟೋ ತೆಗೆದು ತಾರೀಕು ಬರೆದು ಇಟ್ಕೊಳ್ಳಿ. ಬೇಸಿಗೇಲಿ ಬರೋ ಎಂಜಿನಿಯರ್‌ಗೆ ಅದನ್ನ ತೋರಿಸಿ.

#ಕಲ್ಲಿನಕಥೆ #ಬಣಕಲ್ #ಚಾರ್ಮಾಡಿ